ಮಂಗಟ್ಟೆ ಹಕ್ಕಿಯ ನೀರು

ಮದುವೆ ಕಾರ್ಡು ಕೈಗೆ ಬಂದರೆ ಪಕ್ಕದ ಮನೆಯ ಕಾಕಾ ಮೊದಲು ಓದುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಕಾಗದದ ದಪ್ಪ ನೋಡುತ್ತಿದ್ದರು. ಕಾಗದದ ಗಿರಣಿಯಲ್ಲಿ ಆಯುಷ್ಯವಿಡೀ ಹಾಳೆ ಮುಟ್ಟಿ ಮುಟ್ಟಿ ಆ ಬೆರಳ ತುದಿಗಳು ಸವೆದು ನುಣುಪಾಗಿದ್ದವು. ಫೋನಿನ ಪರದೆ ಆ ಬೆರಳಿಗೆ ಸುಲಭಕ್ಕೆ ಓಗೊಡುತ್ತಿರಲಿಲ್ಲ. ಆದರೂ ಒಂದೊಂದೇ ಅಕ್ಷರ ಒತ್ತಿ ಪ್ರಶ್ನೆ ಬರೆಯುತ್ತಿದ್ದರು.

ನಾನು ದಾಂಡೇಲಿಯ ಮನೆಯಿಂದಲೇ ಒಂದು ವಿಶ್ವವಿದ್ಯಾಲಯದ ಫೇಸ್‌ಬುಕ್ ಪುಟ ನೋಡಿಕೊಳ್ಳುತ್ತೇನೆ. ‘ಜನರೊಂದಿಗೆ ಸಂವಾದ’ ಎಂಬುದು ಈ ಕೆಲಸದ ದೊಡ್ಡ ಹೆಸರು; ನಿಜ ಹೇಳಬೇಕೆಂದರೆ ಹಾರ-ತುರಾಯಿಯ ಫೋಟೊ ಹಾಕುವುದು. ಅಭಿನಂದನೆಗಳ ಸಾಲಿನ ನಡುವೆ, ಕಾಕಾ ಒಬ್ಬರೇ ಕೇಳುತ್ತಿದ್ದರು: “ಬಿದರು ಹೂ ಬಿಟ್ಟ ಮ್ಯಾಲ ಯಾಕ ಸಾಯ್ತೈತಿ?”

“ಎಷ್ಟ ಕೇಳ್ತೀರಿ ಕಾಕಾ!” ಎಂದರೆ, “ಕಲತವ್ರು ತಾವಾಗೇ ಬಾಗಲಾ ತಗದಾರ. ಹೊರಗ ನಿಂತು ಕೈ ಮುಗದು ಹೋಗ್ಲೇನು?” ಎನ್ನುತ್ತಿದ್ದರು.

ಒಮ್ಮೆ ಮಂಗಟ್ಟೆ ಹಕ್ಕಿಯ ಫೋಟೊ ಹಾಕಿದೆ. ಮೊಟ್ಟೆಯಿಡುವ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ತಿಂಗಳುಗಟ್ಟಲೆ ಗಂಡು ಸಣ್ಣ ಕಿಂಡಿಯಿಂದ ಹಣ್ಣು ಉಣಿಸುತ್ತದೆ ಎಂದು ಬರೆದಿದ್ದೆ. ಕಾಕಾ ಕೇಳಿದರು: “ಹಣ್ಣ ಗಂಡು ತರತೈತಿ. ನೀರು?”

“ಉತ್ತರ ಇಲ್ಲದ ಪ್ರಶ್ನೆ ಪೇಜಿನ ಮ್ಯಾಲ ಚೊಲೊ ಕಾಣಂಗಿಲ್ಲ, ಹೈಡ್ ಮಾಡ್ರಿ,” ಎಂದರು ನಮ್ಮ ಸಾಹೇಬರು. ಮಾಡಿದೆ. ಹಾಗೆ ಮರೆಮಾಡಿದ್ದು ಬರೆದವರ ಫೋನಿನಲ್ಲಿ ಇದ್ದಂತೆಯೇ ಕಾಣುತ್ತದೆ, ಊರಿಗೆ ಕಾಣುವುದಿಲ್ಲ. ಕಾಕಾ ದಿನಾ ತೆರೆದು ನೋಡಿ ಉತ್ತರಕ್ಕೆ ಕಾದರು. ಎರಡು ತಿಂಗಳಾದ ಮೇಲೆ ಒಂದು ದಿನ ನನ್ನೆದುರು ನಗುತ್ತ ಹೇಳಿದರು: “ಜೋಯಿಡಾದಾಗಿರೋ ಮಗಳು, ‘ಅಪ್ಪಾ, ನಿನ್ನ ಪ್ರಶ್ನೆನ ಕಾಣವಲ್ದು’ ಅಂತಾಳ. ಆ ಕಾಡಿನಾಗ ನೆಟ್‌ವರ್ಕ್ ಎಲ್ಲೈತಿ, ಪಾಪ!”

ನನಗೆ ನಾಚಿಕೆಯಾಯಿತು. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ.

ಕಾಕಾ ಫೋನು ಕಿಸೆಗೆ ಹಾಕಿದರು. ಆಮೇಲೆ, “ಅದಿರ್ಲಿ ಬಿಡವಾ. ನೀರು ಎಲ್ಲಿಂದ? ಅದನ್ನ ಹೇಳು,” ಎಂದರು.

ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ. ಮರುದಿನ ಹಕ್ಕಿಗಳ ಸಂಶೋಧಕಿಯೊಬ್ಬರನ್ನು ಕೇಳಿದರೆ, ಹಣ್ಣಿನೊಳಗಿನ ನೀರೇ ಅದಕ್ಕೆ ಸಾಕು ಎಂದು ಒಂದೇ ನಿಮಿಷದಲ್ಲಿ ಹೇಳಿದರು. ಪ್ರಶ್ನೆಯನ್ನು ಮತ್ತೆ ತೆರೆದು ಕೆಳಗೆ ಉತ್ತರ ಬರೆದೆ. ಕಾಕಾ ಅಲ್ಲೇ ಇನ್ನೊಂದು ಕೇಳಿದರು: “ಒಳಗ ಮರಿ ಆಗೇತಿ ಅಂತ ಹೊರಗಿನ ಗಂಡಿಗೆ ಹೆಂಗ ತಿಳಿತೈತಿ?”

ಕಳೆದ ಮಳೆಗಾಲ ಕಾಕಾ ತೀರಿಕೊಂಡರು. ಆ ಕೊನೆಯ ಪ್ರಶ್ನೆಗೆ ಸಂಶೋಧಕಿ ಕೂಡ ಖಚಿತವಾಗಿ ಹೇಳಲಾರೆ ಎಂದರು. ಅದನ್ನೂ ಮರೆಮಾಡಲು ಸಾಹೇಬರು ಹೇಳಿದ್ದಾರೆ. ನಾನು ಒಪ್ಪಿಲ್ಲ, ಬಲ್ಲವರು ಯಾರಾದರೂ ಬಂದು ಹೇಳಲಿ ಎಂದು ಹಾಗೇ ಬಿಟ್ಟಿದ್ದೇನೆ.