ಆಡಿನ ಹಾಲಿನ ವಾಸನೆ

ಆ ಕೋಣೆ ನೆನಪಾದರೆ ಈಗಲೂ ತಲೆ ಭಾರವಾಗುತ್ತದೆ. ಗಂಡನ ಊರಿಗೆ ಈಗ ಬಸವಕಲ್ಯಾಣ ಎನ್ನುತ್ತಾರೆ, ಆಗ ನಮಗೆ ಬರೀ ಕಲ್ಯಾಣಿ. ಇಸವಿ ನಲವತ್ತೆಂಟರ ಲೂಟಿ, ಗಲಾಟೆಯ ದಿನಗಳು. ಹೊರಗಿಟ್ಟದ್ದು ಬೆಳಗಿಗೆ ಇರುತ್ತದೆಂಬ ನಂಬಿಕೆ ಇರಲಿಲ್ಲ. ಬಾಗಿಲು, ಮಂಚಗಳಿಗೆ ಬಣ್ಣ ಹಚ್ಚುತ್ತಿದ್ದ ನಮ್ಮ ಮನೆಯವರು ಕೆಲಸವನ್ನೆಲ್ಲ ಒಳಗೇ ತಂದರು. ಇದ್ದದ್ದು ಒಂದೇ ಕೋಣೆ, ಅದರ ಕಿಟಕಿಯೂ ಮುಚ್ಚಿತ್ತು. ಒಂದು ಮೂಲೆಯಲ್ಲಿ ಬಣ್ಣ ತೆಳುಮಾಡುವ ಟರ್ಪೆಂಟೈನ್, ಇನ್ನೊಂದರಲ್ಲಿ ಅರಗು ಕರಗಿಸುವ ಸ್ಪಿರಿಟ್, ನಡುವೆ ನಾನು ಮತ್ತು ಎಳೆಕೂಸು.

ಕೂಸು ಎದೆಗೆ ಬಾಯಿಟ್ಟು ಮುಖ ಕಿವುಚಿ ಹೊರಳುತ್ತಿತ್ತು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅದಕ್ಕೂ ಬಗ್ಗದಿದ್ದಾಗ, "ನಿನ್ನ ಹಾಲೇ ಕೆಟ್ಟಾವ. ಆಡು ತರಸ್ತೀನಿ" ಎಂದರು. ಕುಡಿಸುವುದು ಬಿಟ್ಟೆ; ಎದೆ ಕಲ್ಲಾಗಿ ನೋಯುತ್ತಿತ್ತು. ಅತ್ತು ಅತ್ತು ನನಗೂ ಸಾಕಾಗಿ ಹೋಯಿತು.

ಆಡು ಬಂತು. ಕಳ್ಳರ ಭಯಕ್ಕೆ ಅದನ್ನೂ ಅದೇ ಕೋಣೆಯಲ್ಲಿ ಕಟ್ಟಿದರು. ಮೊದಮೊದಲು ಕೂಸು ಗಟಗಟ ಕುಡಿಯಿತು, ಆಮೇಲೆ ಮತ್ತೆ ಅದೇ ರಾಗ. ಹಾಲು ಮೂಸಿದೆ. ಟರ್ಪೆಂಟೈನ್! "ಬಟ್ಟಲದಾಗ ಹನಿ ಬಿದ್ದಿರಬೇಕು ಬಿಡು" ಎಂದರು ಮನೆಯವರು. ಮೂಗು ದೇವರು ನನಗೊಬ್ಬಳಿಗೇ ಕೊಟ್ಟಿದ್ದನೇ? ಕೆಚ್ಚಲಿನಿಂದ ನೇರವಾಗಿ ಅಂಗೈಗೆ ಕರೆದು ಅವರ ಮುಖಕ್ಕೆ ಹಿಡಿದೆ. ಅವರು ಮೂಸಿ ಮುಖ ಹಿಂದೆಳೆದುಕೊಂಡರು.

ಆಮೇಲೆ ದಿನಾ ಮೂಸುವುದೇ ಕೆಲಸವಾಯಿತು. ಟರ್ಪೆಂಟೈನ್ ಒಂದನ್ನೇ ಬಳಸಿದರೆ ವಾಸನೆ ಮರುದಿನಕ್ಕೆ ಹೋಗುತ್ತಿತ್ತು. ಜೊತೆಗೆ ಸ್ಪಿರಿಟನ್ನೂ ತೆರೆದರೆ ದಿನಗಟ್ಟಲೆ ನಿಲ್ಲುತ್ತಿತ್ತು. ಎರಡೂ ಕೂಡಿದರೆ ಆಡಿನ ಮೈಗೆ ಅದನ್ನು ಕರಗಿಸಿಕೊಳ್ಳಲು ಆಗುತ್ತಿರಲಿಲ್ಲವೋ ಏನೋ.

"ಒಂದು ಕೆಲಸ ಮುಗಿಸಿ ಇನ್ನೊಂದು ಹಿಡೀರಿ" ಎಂದೆ.

"ಗಿರಾಕಿ ಕಾಯ್ತಾರೇನು?"

ಕೂಸಿನ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಇನ್ನು ಕಾದರೆ ಅದು ಉಳಿಯುವುದಿಲ್ಲ ಅನ್ನಿಸಿತು. ಕೂಸು, ಆಡು ಎರಡನ್ನೂ ಕಟ್ಟಿಕೊಂಡು ಹುಮನಾಬಾದಿನ ತವರಿಗೆ ಬಂಡಿ ಹತ್ತಿದೆ.

ಅಲ್ಲಿ ಆಡು ಅಂಗಳದ ಬೇವಿನ ಕೆಳಗೆ ನಿಂತಿತು. ನಾಲ್ಕಾರು ದಿನಗಳಲ್ಲಿ ಅದರ ಹಾಲು ಹಾಲಿನಂತಾಯಿತು. ಕೂಸು ಹೊಟ್ಟೆ ತುಂಬ ಕುಡಿದು ನಿದ್ದೆಹೋಯಿತು. ಅಬ್ಬಾ ಎಂದು ಗೋಡೆಗೆ ಒರಗಿದೆ.

ಅವ್ವ ನನ್ನನ್ನೇ ನೋಡುತ್ತಿದ್ದಳು. "ಯವ್ವಾ, ಆ ಗಾಳಿ ಕುಡದು ಆಡಿನ ಹಾಲು ಕೆಟ್ಟಾವ ಅಂದ್ರ, ಅದೇ ಕೋಣ್ಯಾಗ ನೀನೂ ಇದ್ದೆಲ್ಲ?"

ಕೂಸು ಎದ್ದೊಡನೆ ಒಳಗೆ ಒಯ್ದು ಎದೆಗೆ ಹಚ್ಚಿಕೊಂಡೆ. ಅದು ಮುಖ ಕಿವುಚಲಿಲ್ಲ. ಕಣ್ಣು ಮುಚ್ಚಿ ಆಸೆಯಿಂದ ಚೀಪಿತು, ಚೀಪುತ್ತಲೇ ಇತ್ತು. ಅಷ್ಟು ದಿನ ಕುಡಿಸದೆ ನನ್ನ ಹಾಲು ಪೂರ್ತಿ ಬತ್ತಿಹೋಗಿತ್ತು. ಅವ್ವ ಆಡಿನ ಹಾಲಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.