ಮೂರು ಟಾಫಿಯ ಪಾಠ

ಇಪ್ಪತ್ತು ವರ್ಷ ವಿಜ್ಞಾನ, ಗಣಿತ ಹೇಳಿದ ಮೇಷ್ಟ್ರಿಗೆ ಹಳೆಯ ಶಾಲೆಯ ಮಕ್ಕಳು ಇಟ್ಟ ಹೆಸರು ರೇಡಿಯೋ. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಒಮ್ಮೆ ಶುರುವಾದರೆ ಗಂಟೆ ಹೊಡೆಯುವ ತನಕ ನಿಲ್ಲುವ ಆಸಾಮಿಯಲ್ಲ. ಪ್ರಶ್ನೆ ಕೇಳುವವರೂ ಅವರೇ, ಉತ್ತರ ಹೇಳುವವರೂ ಅವರೇ, ಕೊನೆಗೆ ಭೇಷ್ ಎಂದು ಮೆಚ್ಚಿಕೊಳ್ಳುವವರೂ ಅವರೇ. ಮಕ್ಕಳು ಪಾಪ, ಹೇಳಿದ್ದನ್ನು ಬರೆದುಕೊಂಡು ಪಾಸಾಗುತ್ತಿದ್ದರು. ಎಲ್ಲರಿಗೂ ಅನುಕೂಲವಾಗಿತ್ತು.

ಇಂಥವರಿಗೆ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಕೆಲಸ ಸಿಕ್ಕಿದ್ದೇ ತಡ, ಹಳೆಯ ಹೆಡ್ಮಾಸ್ಟರ ಎದುರು ನಿಂತು, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಹೇಳಿ ಬಂದರು. ಅಷ್ಟು ಹೇಳಬೇಕಿತ್ತೇ? ಹೇಳಿದರು. ಮೇಷ್ಟ್ರು ಬಿಟ್ಟ ಖಾಲಿ ಕುರ್ಚಿಗೆ ಮರುವಾರವೇ ಯಾರು ಬಂದು ಕೂತರು ಅಂತೀರಿ? ಹೆಂಡತಿಯ ಸ್ವಂತ ತಮ್ಮ. ಭಾವ ಎಂದರೆ ಅವನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. "ಅಲ್ಲೇನಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಹೇಳಿ ಭಾವ, ಇಲ್ಲಿ ನಂಗೆ ಲ್ಯಾಬ್ ನೋಡ್ಕೊಳ್ಳೋಕೆ ಒಬ್ರು ಬೇಕು" ಎಂದು ಬಹಳ ವಿನಯದಿಂದ ಹೇಳಿ ಹೋಗಿದ್ದ. ಆ ವಿನಯ ಮೇಷ್ಟ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹೊಸ ಶಾಲೆಯಲ್ಲಿ ಕಟ್ಟೆಯಿಲ್ಲ, ಬೆತ್ತವಿಲ್ಲ, ಸೀಮೆಸುಣ್ಣವಿಲ್ಲ. ದುಂಡು ಮೇಜುಗಳ ಸುತ್ತ ಚಕ್ರದ ಕುರ್ಚಿಗಳು. ಕ್ಲಾಸಿನ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದೇ ತಿಳಿಯದೆ ಮೊದಲ ದಿನ ಮೇಷ್ಟ್ರು ಅರ್ಧ ಮಕ್ಕಳಿಗೆ ಬೆನ್ನು ತೋರಿಸಿಕೊಂಡೇ ಪಾಠ ಮಾಡಿದರು. ಅದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ ನಿಯಮ: ಇಲ್ಲಿ ಟೀಚರ್ ಉತ್ತರ ಹೇಳುವಂತಿಲ್ಲ. ಮಕ್ಕಳೇ ಮಾಡಿ ನೋಡಿ ಕಂಡುಕೊಳ್ಳಬೇಕು. ಹೆಚ್ಚೆಂದರೆ, ನಿನಗೇನನ್ನಿಸುತ್ತೆ ಎಂದು ಕೇಳಬಹುದು. ಅಲ್ಲ ಸ್ವಾಮಿ, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರು ಎಂದರೆ ರೇಡಿಯೋ ಏನು ಮಾಡಬೇಕು? ಪ್ರಿನ್ಸಿಪಾಲ್ ಮೇಡಂ ಹಲವು ಸಲ ಕರೆದು ನಯವಾಗಿ ಹೇಳಿದರು. ಕೊನೆಗೊಮ್ಮೆ, ಬರುವ ಸೋಮವಾರ ತಾವೇ ಕ್ಲಾಸಿನಲ್ಲಿ ಕೂರುವುದಾಗಿಯೂ, ಕೆಲಸ ಖಾಯಂ ಮಾಡುವುದೋ ಬಿಡುವುದೋ ಆ ಪಾಠ ನೋಡಿಯೇ ಎಂದೂ ಅಷ್ಟೇ ನಯವಾಗಿ ಹೇಳಿದರು.

ಮೇಷ್ಟ್ರು ಮನೆಯಲ್ಲೇ ಅಭ್ಯಾಸಕ್ಕಿಳಿದರು. ಗ್ಯಾಸ್ ಬುಕ್ ಮಾಡಿದಿರಾ ಎಂದು ಹೆಂಡತಿ ಕೇಳಿದರೆ, ನಿನಗೇನನ್ನಿಸುತ್ತೆ? ಛತ್ರಿ ಎಲ್ಲಿಟ್ಟಿರಿ ಎಂದರೆ, ಎಲ್ಲಿರಬಹುದು, ಯೋಚನೆ ಮಾಡು. ಶನಿವಾರದ ತನಕ ತಡೆದುಕೊಂಡ ಆಕೆ ಅಂದು ಮಧ್ಯಾಹ್ನ ಖಾಲಿ ತಟ್ಟೆ ತಂದಿಟ್ಟಳು. "ಊಟ ಎಲ್ಲಿರಬಹುದು, ನೀವೇ ಕಂಡ್ಕೊಳ್ಳಿ" ಎಂದಳು. ಗಂಡನ ಪೆಚ್ಚು ಮುಖ ನೋಡಿ ಆಮೇಲೆ ಅಯ್ಯೋ ಅನ್ನಿಸಿತು. ಉಪಾಯ ಹೇಳಿಕೊಟ್ಟವಳೂ ಅವಳೇ: ಅಗಿಯುವ ಟಾಫಿಯೊಂದನ್ನು ಬಾಯಿಗೆ ಹಾಕಿಕೊಂಡರೆ ನಾಲಿಗೆಗೆ ಬೇರೆ ಕೆಲಸ ಸಿಗುತ್ತದೆ, ಉತ್ತರ ಜಾರುವುದಿಲ್ಲ.

ಸೋಮವಾರ ಮೇಷ್ಟ್ರು ಒಂದಲ್ಲ, ಧೈರ್ಯಕ್ಕಿರಲಿ ಎಂದು ಮೂರು ಟಾಫಿ ಒಟ್ಟಿಗೆ ಹಾಕಿಕೊಂಡರು. ಪಾಠ ಲೋಲಕದ್ದು. ದಾರದ ತುದಿಗೆ ಗುಂಡು ಕಟ್ಟಿ ತೂಗಿಬಿಟ್ಟರೆ, ಹತ್ತಿರದಿಂದ ಬಿಟ್ಟರೂ ದೂರದಿಂದ ಬಿಟ್ಟರೂ ಒಂದು ತೂಗಾಟಕ್ಕೆ ಹಿಡಿಯುವ ಹೊತ್ತು ಒಂದೇ. ಇದನ್ನು ಅವರು ನಿದ್ದೆಗಣ್ಣಲ್ಲೂ ಹೇಳಬಲ್ಲರು. ದಾರ, ಗುಂಡು, ಸ್ಟಾಪ್‌ವಾಚ್ ಹಂಚಿ, ಬೋರ್ಡಿನ ಮೇಲೆ ಪ್ರಶ್ನೆ ಬರೆದು, ಶುರುಮಾಡಿ ಎನ್ನಲು ಹೋದರು. ಬಾಯಿ ಬಿಡಲಾಗಲಿಲ್ಲ. ಮೂರೂ ಟಾಫಿ ಸೇರಿ ಮೇಲಿನ ದವಡೆಯನ್ನೂ ಕೆಳಗಿನ ದವಡೆಯನ್ನೂ ಒಂದು ಮಾಡಿಬಿಟ್ಟಿದ್ದವು. ಮೂಲೆಯಲ್ಲಿ ಕೂತ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರು ಕೈ ಕಟ್ಟಿಕೊಂಡು, ಬೆವರುತ್ತ, ಮಹಾ ಜ್ಞಾನಿಗಳ ಹಾಗೆ ತಲೆಯಾಡಿಸಿದರು. ಮಕ್ಕಳು ಕೆಲಸ ಶುರುಮಾಡಿದರು.

ಕನ್ನಡಕದ ಹುಡುಗಿಯೊಬ್ಬಳು ಬಂದು, ದೂರದಿಂದ ಬಿಟ್ಟರೆ ಹೆಚ್ಚು ಹೊತ್ತು ಹಿಡಿಯುತ್ತದೆ ಸರ್ ಎಂದಳು. ತಪ್ಪು, ಶುದ್ಧ ತಪ್ಪು ಎಂದು ಒಳಗಿನ ರೇಡಿಯೋ ಬೊಬ್ಬೆ ಹೊಡೆಯಿತು. ಹೊರಗೆ ಬಂದದ್ದು ಮ್ಮ್ ಎಂಬ ಸದ್ದು ಮಾತ್ರ. ಮತ್ತೊಮ್ಮೆ ಎಣಿಸು ಎನ್ನುತ್ತಿದ್ದಾರೆ ಎಂದುಕೊಂಡು ಅವಳು ಹೋಗಿ ಎಣಿಸಿ ಬಂದಳು, ಅದೇ ಉತ್ತರ. ಪಕ್ಕದ ಮೇಜಿನವರದೂ ಅದೇ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸ್ಟಾಪ್‌ವಾಚ್ ಕಿತ್ತುಕೊಂಡು ನೆಲದ ಮೇಲೆ ಕೂತು, ಗುಂಡನ್ನು ಬಹಳ ಎತ್ತರಕ್ಕೆ ಎಳೆದು ಬಿಟ್ಟು ತಾವೇ ಎಣಿಸಿದರು. ಹುಡುಗಿಯ ಮಾತೇ ಸರಿಯಾಗಿತ್ತು.

ಆಗ ನೆನಪಾಯಿತು. 'ತೂಗಾಟ ಚಿಕ್ಕದಾಗಿದ್ದರೆ' ಎಂದು ಪುಸ್ತಕದಲ್ಲಿ ಮೊದಲಿಗೇ ಒಂದು ಮಾತಿತ್ತು. ಪರೀಕ್ಷೆಯಲ್ಲಿ ಯಾರೂ ಕೇಳದ ಮಾತು. ವರ್ಷದಿಂದ ವರ್ಷಕ್ಕೆ ಅವರ ಬಾಯಲ್ಲಿ ಸವೆದು ಬಿದ್ದೇಹೋಗಿತ್ತು. ಲೋಲಕವನ್ನು ಅವರು ಬೋರ್ಡಿನ ಮೇಲೆ ಬರೆದಿದ್ದರೇ ಹೊರತು ಹೀಗೆ ಒಂದು ದಿನವೂ ತೂಗಿ ನೋಡಿರಲಿಲ್ಲ.

ಮೇಡಂ ಎದ್ದು ಬಂದರು. "ತುಂಬಾ ಚೆನ್ನಾಗಿತ್ತು ಸರ್. ಉತ್ತರ ಹೀಗೇ ಬರುತ್ತೆ ಅಂತ ಗೊತ್ತಿದ್ದೂ ಅಷ್ಟು ಹೊತ್ತು ಸುಮ್ನಿದ್ರಲ್ಲ, ಅದು ಸುಲಭ ಅಲ್ಲ."

ಅಷ್ಟರಲ್ಲಿ ಟಾಫಿ ಕರಗಿ ಬಾಯಿಗೆ ಬಿಡುಗಡೆಯಾಗಿತ್ತು. ಹೂಂ ಎಂದರೆ ಸಾಕು. ಕೆಲಸ ಖಾಯಂ, ಭಾಮೈದನ ವಿನಯಕ್ಕೆ ಬೀಗ. ಹೂಂ ಎನ್ನಬೇಕೆಂದೇ ಮೇಷ್ಟ್ರು ತಲೆಯೆತ್ತಿದರು. ಕನ್ನಡಕದ ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿರ್ಲಿಲ್ಲ ಮೇಡಂ" ಎಂದರು. "ಇವಳದ್ದು ತಪ್ಪು ಅಂತ ಹೇಳೋಕೇ ಹೊರಟಿದ್ದೆ. ಬಾಯಿ ಅಂಟ್ಕೊಂಡಿತ್ತು." ಜೇಬಿನಿಂದ ಮೂರು ಟಾಫಿಯ ಕಾಗದ ತೆಗೆದು ತೋರಿಸಿದರು.

ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಆ ಕಾಗದಗಳನ್ನು ನೋಡಿ, ನೆಲದ ಮೇಲಿದ್ದ ಸ್ಟಾಪ್‌ವಾಚನ್ನು ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ನಾಳೆಯಿಂದ ಒಂದೇ ಸಾಕು ಸರ್. ಮೂರು ಬೇಡ."

ನಾಳೆಯಿಂದ ಎಂದರೆ ಏನರ್ಥ ಎಂದು ತಲೆಗೆ ಹೋಗಲು ಮೇಷ್ಟ್ರಿಗೆ ತುಸು ಹೊತ್ತು ಹಿಡಿಯಿತು. ಕಣ್ಣು ತುಂಬಿ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಟಾಫಿಯಿಲ್ಲದಿದ್ದರೂ ಮಾತು ಹೊರಡಲಿಲ್ಲ.