ನಾಯಿಗೂ ಹೆಸರಿದ್ದ ಪುಸ್ತಕ

ಇಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಆ ದೊಡ್ಡ ಮನೆತನದವರು ತಮ್ಮ ಹೆಸರನ್ನು ಬೇಕಾದಷ್ಟು ಕಡೆ ಅಚ್ಚು ಹಾಕಿಸಿಕೊಂಡಿದ್ದಾರೆ, ನನ್ನ ಕೈಯಿಂದ ಇನ್ನೊಂದು ಸಲ ಬೇಡ. ನನ್ನ ಅಜ್ಜನ ಹೆಸರನ್ನು ಬರೆಯದಿರಲು ಕಾರಣ ಬೇರೆ. ಅದು ಮೊದಲು ಎಲ್ಲಿ ಅಚ್ಚಾಗಬೇಕೋ ಅಲ್ಲಿ ಆಗಲಿ. ಆಮೇಲೆ ನಾನು ಧಾರಾಳವಾಗಿ ಬರೆಯುತ್ತೇನೆ.

ನನ್ನ ಕೆಲಸ ಪುಸ್ತಕಗಳ ಕೊನೆಯಲ್ಲಿ ಬರುವ ಇಂಡೆಕ್ಸ್ ತಯಾರಿಸುವುದು. ಮಲೇಷ್ಯಾದ ಸೈಬರ್‌ಜಯಾದಲ್ಲಿರುವ ನಮ್ಮ ಕಂಪನಿ ಇಂಗ್ಲೆಂಡಿನ ಪ್ರಕಾಶಕರು ಕಳಿಸುವ ಪುಟಗಳನ್ನು ಜೋಡಿಸಿ, ತಿದ್ದಿ ವಾಪಸು ಕಳಿಸುತ್ತದೆ. ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡುವುದು ನನ್ನ ಪಾಲಿನದು. ಹೊರಗಿನವರಿಗೆ ಗೊತ್ತಿಲ್ಲದ ಒಂದು ಗುಟ್ಟಿದೆ: ನಾವು ಪುಸ್ತಕ ಓದುವುದಿಲ್ಲ. ದೊಡ್ಡಕ್ಷರದಿಂದ ಶುರುವಾಗುವ ಪದಗಳ ಮೇಲೆ ಕಣ್ಣೋಡಿಸುತ್ತೇವೆ, ಹೆಕ್ಕುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಬಂದರಿನಲ್ಲಿ ಮೀನಿನ ರಾಶಿಯಿಂದ ಬಂಗುಡೆ ಬೇರೆ, ಬೂತಾಯಿ ಬೇರೆ ಮಾಡುವ ಹೆಂಗಸರ ಹಾಗೆ.

ಕೊರೊನಾ ಬಂದ ವರ್ಷ ಪಪ್ಪ ಎರಡು ತಿಂಗಳು ಇದ್ದು ಹೋಗಲೆಂದು ಮಂಗಳೂರಿನಿಂದ ಬಂದಿದ್ದರು. ಬಂದ ಮೂರನೆಯ ವಾರಕ್ಕೆ ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ವಿಮಾನವಿಲ್ಲ, ಚರ್ಚಿಲ್ಲ, ಮನೆಗೊಬ್ಬರಂತೆ ಸಾಮಾನಿಗೆ ಹೋಗಬೇಕು, ರಸ್ತೆಯಲ್ಲಿ ಪೊಲೀಸರು. ಪಪ್ಪನಿಗೆ ಆಗ ಎಂಬತ್ತೊಂದು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಮನೆಯಲ್ಲಿ ನಮ್ಮದು ಕೊಂಕಣಿ, ಆದರೆ ಪುಸ್ತಕದ ಮಾತು ಬಂದರೂ ಸಿಟ್ಟು ಬಂದರೂ ನಾವಿಬ್ಬರೂ ಕನ್ನಡಕ್ಕೆ ಹೊರಳುತ್ತೇವೆ. ಆ ವರ್ಷ ಕೊಂಕಣಿಗೆ ಹೆಚ್ಚು ಕೆಲಸ ಇರಲಿಲ್ಲ.

ಊರಿಂದ ತಂದ ಪುಸ್ತಕಗಳು ಮುಗಿದ ಮೇಲೆ ಅವರು ಊಟದ ಮೇಜಿನ ಆಚೆ ಬದಿಗೆ ಕೂತು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನನ್ನ ಕೆಲಸದ ಪುಟಗಳನ್ನೇ ಓದತೊಡಗಿದರು. ನಾನು ಹೆಕ್ಕುವುದು, ಅವರು ಓದುವುದು. ಹೀಗಿರುವಾಗ ಬಂದದ್ದು ಆ ಪುಸ್ತಕ, ಬ್ರಿಟನ್ನಿನಲ್ಲಿ ಅರ್ಧ, ಐರ್ಲೆಂಡಿನಲ್ಲಿ ಅರ್ಧ ಹಂಚಿಹೋದ ಒಂದು ಮನೆತನದ ಚರಿತ್ರೆ. ಬರೆದವರು ಅದೇ ಮನೆತನದ ಹೆಣ್ಣುಮಗಳು. ಒಬ್ಬ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಂತ್ರಿ, ಅವನ ದಾಯಾದಿ ಡಬ್ಲಿನ್ನಿನಲ್ಲಿ ಅದೇ ಮಂತ್ರಿಯ ವಿರುದ್ಧ ಭಾಷಣ ಬಿಗಿದು ಜೈಲಿಗೆ ಹೋದವನು. ಒಬ್ಬಾಕೆ ಕಾದಂಬರಿಗಾರ್ತಿ. ಇನ್ನೊಬ್ಬ ಸಸ್ಯಶಾಸ್ತ್ರದ ದೊಡ್ಡ ಪಂಡಿತ. ಯಾವುದರಲ್ಲೂ ದಡ ಹತ್ತದ ಕಿರಿಯ ಮಗನನ್ನು ಇಲ್ಲೇ ಕ್ಲಾಂಗಿನ ಹತ್ತಿರ ರಬ್ಬರ್ ತೋಟ ನೋಡಿಕೊಳ್ಳಲು ಸಾಗಹಾಕಿದ್ದರು. ಅವನು ಇಲ್ಲಿಂದ ಗಿಡಗಳನ್ನು ಒಣಗಿಸಿ ಕಳಿಸುತ್ತಿದ್ದ, ಪಂಡಿತ ಅಲ್ಲಿ ಕೂತು ಗ್ರಂಥ ಬರೆದ.

ಒಂದು ಮಧ್ಯಾಹ್ನ ಪಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲಿ ಬಾ ಮಾರಾಯ್ತಿ. ಇದು ನಿನ್ನ ಅಜ್ಜ ಅಲ್ವಾ?"

"ಯಾರು ಪಪ್ಪಾ?"

"ಇವರು ಪೋರ್ಚುಗೀಸ್ ಗುಮಾಸ್ತ ಅಂತ ಬರೆದದ್ದು. ಮಾತೆ ಮರಿಯಳ ಹಬ್ಬಕ್ಕೆ ರಜೆ ಕೇಳಿ, ಭತ್ತದ ತೆನೆ ತಂದು ಆಫೀಸಲ್ಲಿ ಎಲ್ಲರಿಗೂ ಹಂಚಿದ್ದಂತೆ. ತೋಟದ ದೊರೆ ತನ್ನ ಅಮ್ಮನಿಗೆ ಕಾಗದ ಬರೆದು ನಗಾಡ್ತಾನೆ. ಯಾವ ಪೋರ್ಚುಗೀಸ ತೆನೆ ಹಂಚ್ತಾನೆ ಹೇಳು?"

ನಮ್ಮ ಅಜ್ಜ ಯುದ್ಧಕ್ಕೆ ಮೊದಲು ಹಡಗು ಹತ್ತಿ ಬಂದು ಈ ಸೀಮೆಯ ಒಂದು ರಬ್ಬರ್ ತೋಟದಲ್ಲಿ ಗುಮಾಸ್ತರಾಗಿದ್ದರು. ಗಿಡಗಳನ್ನು ಹುಡುಕಿ, ಕಾಗದದ ನಡುವೆ ಒತ್ತಿ ಒಣಗಿಸಿ ಬಿಲಾತಿಗೆ ಕಳಿಸುತ್ತಿದ್ದದ್ದು ತಾನೇ ಎಂದೂ, ಪುಸ್ತಕದಲ್ಲಿ ನಿನ್ನ ಹೆಸರು ಹಾಕಿಸುತ್ತೇನೆಂದು ದೊರೆ ಮಾತು ಕೊಟ್ಟಿದ್ದರೆಂದೂ ಊರಿಗೆ ಮರಳಿದ ಮೇಲೆ ಸಾಯುವ ತನಕ ಹೇಳುತ್ತಿದ್ದರು. ನೆಂಟರು ನಗುತ್ತಿದ್ದರು. ಪಪ್ಪ ನಂಬಿದ್ದರು. ಸೆಪ್ಟೆಂಬರ್ ಎಂಟಕ್ಕೆ ಚರ್ಚಿನಲ್ಲಿ ಹೊಸ ತೆನೆ ಆಶೀರ್ವದಿಸಿ, ಮನೆಗೆ ತಂದು, ಕಾಳನ್ನು ಪುಡಿಮಾಡಿ ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಕೂಡಿ ಉಣ್ಣುವುದು ನಮ್ಮ ಕಡೆಯ ಕ್ರೈಸ್ತರ ಪದ್ಧತಿ. ಪರವೂರಿನಲ್ಲಿ ಮನೆಮಂದಿ ಇಲ್ಲದ ಅಜ್ಜ ಆಫೀಸಿನವರನ್ನೇ ಮನೆಮಂದಿ ಮಾಡಿಕೊಂಡಿರಬೇಕು. ಇನ್ನು ಪೋರ್ಚುಗೀಸ್ ಎಂಬುದು. ಎಂದೋ ಪೋರ್ಚುಗೀಸ್ ಪಾದ್ರಿಗಳು ಕೊಟ್ಟ ಸರ್‌ನೇಮಿನ ದೆಸೆಯಿಂದ ನನಗೂ ಇಲ್ಲಿ ಇಂದಿಗೂ ಕ್ಲಿನಿಕ್ಕಿನಲ್ಲಿ, ಬ್ಯಾಂಕಿನಲ್ಲಿ ಅದೇ ಪ್ರಶ್ನೆ: "ಯು ಮಲಾಕ್ಕಾ ಪೋರ್ಚುಗೀಸ್ ಆಹ್?" ಮಲಾಕ್ಕಾದಲ್ಲಿ ಹಳೆಯ ಪೋರ್ಚುಗೀಸ್ ವಂಶದವರ ಕೇರಿಯೇ ಇದೆ, ಅವರದೂ ಇಂಥವೇ ಹೆಸರುಗಳು. ದೊರೆಯೂ ಹಾಗೇ ತಿಳಿದಿದ್ದ. ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ನಾನು ನನ್ನ ಪಟ್ಟಿ ತೆರೆದು ನೋಡಿದೆ. 'ಪೋರ್ಚುಗೀಸ್ ಗುಮಾಸ್ತ, ಮಲಾಕ್ಕಾದವನು', ಮುಂದೆ ನಾಲ್ಕು ಪುಟಸಂಖ್ಯೆ. ಹಿಂದಿನ ವಾರ ನಾನೇ ಕೈಯಾರೆ ಟೈಪ್ ಮಾಡಿದ್ದು. ನನ್ನ ಸ್ವಂತ ಅಜ್ಜನನ್ನು ಹೆಕ್ಕಿ ಬೇರೆ ಬುಟ್ಟಿಗೆ ಎಸೆದಿದ್ದೆ! ಅದೇ ಪಟ್ಟಿಯಲ್ಲಿ ಆ ಮನೆತನದ ಮೂರು ನಾಯಿಗಳಿದ್ದವು, ಮೂರಕ್ಕೂ ಹೆಸರು. ಒಂದಕ್ಕಂತೂ ಐದು ಪುಟ. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೆಯೋ ನನ್ನ ಮೇಲೆಯೋ ಎಂದು ಆ ಗಳಿಗೆಯಲ್ಲಿ ತಿಳಿಯಲಿಲ್ಲ.

ನಮ್ಮ ಮ್ಯಾನೇಜರ್ ಈಪೋ ಕಡೆಯ ತಮಿಳು ಹೆಂಗಸು, ಒಳ್ಳೆಯವಳೇ. "ಟೆಕ್ಸ್ಟಲ್ಲಿ ಇಲ್ಲದ ಹೆಸರು ಇಂಡೆಕ್ಸಲ್ಲಿ ಹೇಗೆ ಹಾಕ್ತೀಯ? ಡೋಂಟ್ ಮೇಕ್ ಟ್ರಬಲ್ ಲಾ" ಅಂದಳು. ಅವಳು ಹೇಳಿದ್ದು ನಿಯಮ, ನಾನೇ ಹೊಸಬರಿಗೆ ಕಲಿಸುವ ನಿಯಮ. ಆದರೂ ನನ್ನ ಕಾಟ ತಾಳಲಾರದೆ ಲೇಖಕಿಯ ಜತೆ ಒಂದು ವಿಡಿಯೊ ಕರೆ ಗೊತ್ತುಮಾಡಿಕೊಟ್ಟಳು.

ಪಪ್ಪ ಆ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕೂತರು. ಕೆಳಗೆ ಲುಂಗಿ, ಅದು ಕ್ಯಾಮರಾಕ್ಕೆ ಕಾಣುವುದಿಲ್ಲ. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದರು, ಎರಡು ಸಲ ತಿದ್ದಿ. ಲೇಖಕಿ ಬೆಳ್ಳಿಗೂದಲಿನ, ನಗುಮೊಗದ, ತುಂಬ ಮರ್ಯಾದೆಯ ಹೆಂಗಸು. ಪಪ್ಪನನ್ನು ನೋಡಿ ಕೈಬೀಸಿ, ನನ್ನನ್ನು ಕೇಳಿದರು: "ಇವರಿಗೆ ಇಂಗ್ಲಿಷ್ ಬರುತ್ತದೆಯೆ?" ಪಪ್ಪ ಹಾಳೆ ಓದಿದರು. ಆಕೆ ಪೂರ್ತಿ ಕೇಳಿಸಿಕೊಂಡು, ತಲೆದೂಗಿ, ತುಂಬ ಹೃದಯಸ್ಪರ್ಶಿ ಅಂದರು. ಆದರೆ ನೆನಪು ದಾಖಲೆಯಲ್ಲವಲ್ಲ. ಪತ್ರಗಳಲ್ಲಿ ಪೋರ್ಚುಗೀಸ್ ಎಂದು ಸ್ಪಷ್ಟವಾಗಿದೆ. ಮಲಾಕ್ಕಾದವರೂ ತೆನೆ ಹಂಚಿದ್ದಿರಬಹುದು, ಯಾರು ಕಂಡವರು? ಮುಂದಿನ ಮುದ್ರಣದಲ್ಲಿ ಯೋಚಿಸೋಣ.

ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ನಾನು ಏನಾದರೂ ಅಂದೇನೆಂದು ಪಪ್ಪ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ಇಂಗ್ಲಿಷರು ಐರಿಷರ ಊರುಗಳ ಹೆಸರನ್ನೆಲ್ಲ ಅಳಿಸಿ ತಮಗೆ ಬೇಕಾದದ್ದು ಬರೆದರೆಂದು ಡಬ್ಲಿನ್ನಿನಲ್ಲಿ ಗಂಟೆಗಟ್ಟಲೆ ಗುಡುಗಿದ ಮನುಷ್ಯನ ಮೇಲೆ ಇದೇ ಹೆಂಗಸು ಇಡೀ ಅಧ್ಯಾಯ ಬರೆದಿದ್ದಾರೆ, ಕಣ್ಣೀರು ಬರುವಂತೆ ಬರೆದಿದ್ದಾರೆ. ಆ ಅಧ್ಯಾಯವನ್ನು ನಾನು ಆಮೇಲೆ ಓದಿದೆ, ಹೆಕ್ಕದೆ, ಸಾಲು ಸಾಲಾಗಿ. ಓದಿದಷ್ಟೂ ಸಿಟ್ಟು ಹೆಚ್ಚಾಯಿತು.

ಎರಡು ವಾರ ಬಿಟ್ಟು ಚಿತ್ರಗಳ ಪುಟಗಳು ಬಂದವು. ಅವು ಯಾವಾಗಲೂ ಬೇರೆಯಾಗಿ, ಕೊನೆಗೇ ಬರುತ್ತವೆ. ಒಂದರಲ್ಲಿ ದಪ್ಪ ಹಾಳೆಗೆ ಅಂಟಿಸಿದ ಒಣಗಿದ ಗಿಡದ ಫೋಟೊ. ಮೇಲೆ ಇಂಗ್ಲಿಷಿನಲ್ಲಿ ಪಂಡಿತರ ಹೆಸರು, ಕೆಳಗಿನ ಮೂಲೆಯಲ್ಲಿ ಬೆರಳಗಲದ ಒಂದು ಚೀಟಿ. ಅಡಿಬರಹದಲ್ಲಿ ಬರೆದಿತ್ತು: ತಮಿಳಿನಲ್ಲಿ ಬರೆದ ಮೂಲ ಚೀಟಿಯೊಂದಿಗೆ. ನಾನು ಅಡಿಬರಹ ಮಾತ್ರ ನೋಡಿ ಮುಂದಕ್ಕೆ ಹೋಗುತ್ತಿದ್ದೆ, ಹಳೆಯ ಚಾಳಿ. ಹಿಂದೆ ನಿಂತಿದ್ದ ಪಪ್ಪ "ನಿಲ್ಲು, ನಿಲ್ಲು" ಅಂದರು. ಹನ್ನೆರಡರ ನನ್ನ ಮಗಳನ್ನು ಕರೆದು ಚಿತ್ರ ದೊಡ್ಡದು ಮಾಡಲು ಹೇಳಿದರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವೇಟ್ ಲಾ, ಗ್ರ್ಯಾಂಡ್‌ಪಾ" ಎಂದು ಎರಡು ಬೆರಳಿಂದ ಎಳೆದಳು. ಪರದೆಯ ತುಂಬ ಕನ್ನಡ ಅಕ್ಷರಗಳು ನಿಂತವು.

ಉದ್ದನೆಯ ಬಾಲದ, ಬಲಕ್ಕೆ ವಾಲಿದ ಕೈಬರಹ. ಗಿಡದ ಹೆಸರು, ಸಿಕ್ಕಿದ ಜಾಗ. 'ಹೊಳೆಯ ಬದಿ, ಹೂವು ಬೆಳಿಗ್ಗೆ ಮಾತ್ರ' ಎಂದು ಒಂದು ಸಾಲು. ಎಲ್ಲಕ್ಕಿಂತ ಕೆಳಗೆ ನನ್ನ ಅಜ್ಜನ ಪೂರ್ತಿ ಹೆಸರು, ಊರಿನ ಹೆಸರು ಸಮೇತ.

ಪಪ್ಪ ಹಾಜರಿ ಕೂಗುವ ದನಿಯಲ್ಲಿ ಅದನ್ನು ಓದಿದರು. ಆಮೇಲೆ ಕುರ್ಚಿಯಲ್ಲಿ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಅಮ್ಮನ ಮಣ್ಣಿನ ದಿನ ಬಿಟ್ಟರೆ ನೋಡಿರಲಿಲ್ಲ.

ಚಿತ್ರದಲ್ಲಿರುವ ಹೆಸರೂ ಇಂಡೆಕ್ಸಿಗೆ ಸೇರಬೇಕು, ಅದೂ ನಿಯಮವೇ. ಈ ಸಲ ನಿಯಮ ನನ್ನ ಕಡೆಗಿತ್ತು. ಅಜ್ಜನ ಹೆಸರನ್ನು ಅದರ ಅಕ್ಷರದ ಜಾಗದಲ್ಲಿ ಕೂರಿಸಿ, ಪುಟಸಂಖ್ಯೆ ಕೊಟ್ಟು, 'ಪೋರ್ಚುಗೀಸ್ ಗುಮಾಸ್ತ'ನ ನಾಲ್ಕು ಪುಟಗಳನ್ನೂ ಅಲ್ಲಿಗೇ ತಂದು ಕಳಿಸಿದೆ. ಅಡಿಬರಹ ತಪ್ಪು, ಇದು ಕನ್ನಡ ಎಂದು ಟಿಪ್ಪಣಿಯನ್ನೂ ಬರೆದೆ. ಲೇಖಕಿಯಿಂದ ಮರುದಿನವೇ ಉತ್ತರ. ಎಂಥ ಸೋಜಿಗದ ಸಂಗತಿ, ತುಂಬ ಕೃತಜ್ಞತೆಗಳು. ಆದರೆ ಈ ಲಿಪಿ ಬಲ್ಲ ಪ್ರಾಧ್ಯಾಪಕರೊಬ್ಬರು ಇಲ್ಲಿ ಪರಿಶೀಲಿಸಬೇಕಾಗುತ್ತದೆ, ಈ ಕೊರೊನಾ ಕಾಲದಲ್ಲಿ ಅವರು ಸಿಗುತ್ತಿಲ್ಲ, ಅಚ್ಚಿಗೆ ಹೋಗುವ ದಿನ ಹತ್ತಿರ ಬಂದಿದೆ.

"ನನಗೆ ಕನ್ನಡ ಓದ್ಲಿಕ್ಕೆ ಬರ್ತದೋ ಇಲ್ಲವೋ ಅಂತ ಬಿಲಾತಿಯವರು ನೋಡ್ಬೇಕಂತಾ?" ಅಂದರು ಪಪ್ಪ. ನಕ್ಕುಕೊಂಡೇ ಅಂದರು. ನನಗೆ ನಗು ಬರಲಿಲ್ಲ. ಅಂಗಳದ ಕಸ ಗುಡಿಸುತ್ತ ಬಾಯಿಗೆ ಬಂದದ್ದೆಲ್ಲ ಬೈದೆ. ಪಕ್ಕದ ಮನೆಯ ತಮಿಳು ಅಕ್ಕ ಮಾಸ್ಕ್ ಇಳಿಸಿ, ಯಾರ ಜತೆ ಜಗಳ ಎಂದು ಬೇಲಿಯಾಚೆಯಿಂದ ಕೇಳಿದರು. ಪಾರ್ಲಿಮೆಂಟಿನವರ ಜತೆ ಅಂದೆ.

ಮರುವರ್ಷ ಪುಸ್ತಕ ಕೊರಿಯರಿನಲ್ಲಿ ಬಂತು. ಊರಿನಲ್ಲಿ ಎರಡನೆಯ ಅಲೆ ಎದ್ದಿತ್ತು, ಪಪ್ಪ ಇನ್ನೂ ನನ್ನ ಹತ್ತಿರವೇ ಇದ್ದರು. ಅವರು ನೇರ ಕೊನೆಯ ಪುಟಗಳಿಗೇ ಹೋಗಿ, ಅಜ್ಜನ ಹೆಸರು ಇರಬೇಕಾದ ಅಕ್ಷರದ ಮೇಲೆ ಬೆರಳಿಟ್ಟು ಕೆಳಗೆ ಇಳಿದರು. ಇರಲಿಲ್ಲ. ಇನ್ನೊಂದು ಸಲ ಮೇಲಿಂದ ಇಳಿದರು. 'ಪೋರ್ಚುಗೀಸ್ ಗುಮಾಸ್ತ' ತನ್ನ ನಾಲ್ಕು ಪುಟಗಳೊಂದಿಗೆ ಹಳೆಯ ಜಾಗದಲ್ಲೇ ಇದ್ದ. ನಾಯಿಗಳೂ ಇದ್ದವು. ಚಿತ್ರದ ಅಡಿಬರಹದಲ್ಲಿ ತಮಿಳು ಹೋಗಿ 'ಭಾರತೀಯ ಲಿಪಿಯೊಂದರಲ್ಲಿ' ಎಂದಾಗಿತ್ತು. ಮುನ್ನುಡಿಯ ಕಡೆಗೆ ಕೃತಜ್ಞತೆಯ ಸಾಲುಗಳಲ್ಲಿ ನಾನೂ ಇದ್ದೆ: ಮಲೇಷ್ಯಾದ ಓದುಗರೊಬ್ಬರು.

ಅಜ್ಜನಿಗೆ ಮಾಡಿದ್ದನ್ನೇ ನನಗೂ ಮಾಡಿದ್ದರು. ಮಧ್ಯೆ ಒಂದು ಸಾಮ್ರಾಜ್ಯವೇ ಮುಳುಗಿ ಹೋಗಿತ್ತು, ಅಷ್ಟೇ ವ್ಯತ್ಯಾಸ.

ಅದೇ ವಾರ ಲೇಖಕಿಯ ಮೇಲ್ ಬಂತು. ಮನೆತನದ ಸಂಗ್ರಹದಲ್ಲಿ ಅಂಥದೇ ನಲವತ್ತಕ್ಕೂ ಹೆಚ್ಚು ಚೀಟಿಗಳಿವೆಯಂತೆ. ಪಂಡಿತರ ಮೇಲೆ ಇನ್ನೊಂದು ಪುಸ್ತಕ ಬರೆಯುವವರಿದ್ದಾರಂತೆ. ಚೀಟಿಗಳ ಫೋಟೊ ಕಳಿಸಿದ್ದೇನೆ, ನಿಮ್ಮ ತಂದೆಯವರು ದಯವಿಟ್ಟು ಓದಿ ಹೇಳಬಹುದೆ, ಅವರಿಗೂ ಹೊತ್ತು ಹೋಗುತ್ತದೆಯಲ್ಲ ಎಂದು ಬರೆದಿದ್ದರು. ಹೋದ ವರ್ಷ ಪ್ರಾಧ್ಯಾಪಕರು ಪರಿಶೀಲಿಸಬೇಕಾಗಿದ್ದ ಪಪ್ಪನ ಓದು ಈಗ ಯಾರ ಪರಿಶೀಲನೆಯೂ ಇಲ್ಲದೆ ಸಾಕಾಗಿತ್ತು!

ನಾನು ಅಳಿಸಿಹಾಕಲು ಹೊರಟೆ. ಪಪ್ಪ ಬಿಡಲಿಲ್ಲ. "ಕೇಳ್ತಾರಲ್ಲ, ಪಾಪ. ಓದಿ ಹೇಳಿದ್ರೆ ನಮ್ಮ ಗಂಟೇನು ಹೋಗ್ತದೆ?" ಅಂದರು. ಅವರ ಮೇಲೂ ರೇಗಿದೆ. ನಿಮ್ಮ ಈ ಒಳ್ಳೆಯತನದಿಂದಲೇ ನಮಗೆ ಈ ಗತಿ ಎಂದು, ಮಗಳ ಆನ್‌ಲೈನ್ ಕ್ಲಾಸಿಗೆ ಕೇಳಿಸುವಷ್ಟು ಜೋರಾಗಿ. ಅವರು ಲ್ಯಾಪ್‌ಟಾಪ್ ಎಳೆದುಕೊಂಡು, ಮೊದಲ ಚೀಟಿ ತೆರೆದು ಗಟ್ಟಿಯಾಗಿ ಓದತೊಡಗಿದರು. ಗಿಡ, ಜಾಗ, ಹೂವಿನ ಬಣ್ಣ. ಕೊನೆಯಲ್ಲಿ ಅಜ್ಜನ ಹೆಸರು. ಎರಡನೆಯದು. ಕೊನೆಯಲ್ಲಿ ಅಜ್ಜನ ಹೆಸರು. "ಇದರಲ್ಲೂ ಉಂಟು" ಅಂದರು. ನಾಲ್ಕನೆಯದರಲ್ಲೂ ಅಂದರು. ಹತ್ತನೆಯದರ ಹೊತ್ತಿಗೆ ಗಿಡದ ಹೆಸರು ಓದುವುದನ್ನು ಬಿಟ್ಟು ನೇರ ಕೆಳಗಿನ ಸಾಲಿಗೇ ಹೋಗುತ್ತಿದ್ದರು. ಮಧ್ಯಾಹ್ನದ ಊಟ ತಣ್ಣಗಾಯಿತು. ಒಂದು ಚೀಟಿಯನ್ನೂ ಬಿಡದೆ ನೋಡಿ ಮುಗಿಸಿದರು. ಒಂದರಲ್ಲೂ ಅಜ್ಜ ಹೆಸರು ಹಾಕುವುದನ್ನು ಮರೆತಿರಲಿಲ್ಲ.

ಪಪ್ಪ ಕನ್ನಡಕ ಒರೆಸಿಕೊಂಡರು.

"ದೊರೆಗಳಿಗೆ ಓದ್ಲಿಕ್ಕೆ ಬರೂದಿಲ್ಲ ಅಂತ ಗೊತ್ತಿದ್ದೇ ಹೆಸರು ಹಾಕಿದ್ದು ನಿನ್ನ ಅಜ್ಜ" ಅಂದರು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಅವರ ಬಾಯಿಂದ ನಾನು ಕೇಳದಿದ್ದ ದನಿಯಲ್ಲಿ, "ಬರಿ. ನಾನು ಹೇಳ್ತೇನೆ" ಅಂದರು.

ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಎಲ್ಲ ಚೀಟಿಗಳನ್ನೂ ಓದಿದ್ದೇವೆ. ಎಲ್ಲದರ ಕೊನೆಯ ಸಾಲೂ ಒಂದೇ, ಅದು ನಿಮ್ಮ ಪೋರ್ಚುಗೀಸ್ ಗುಮಾಸ್ತನ ಹೆಸರು. ಆ ಸಾಲನ್ನು ಮೊದಲು ಅಚ್ಚು ಹಾಕಿ ನಮಗೆ ಕಳಿಸಿಕೊಡಿ. ಮೇಲಿನ ಸಾಲುಗಳಲ್ಲಿ ಏನಿದೆ ಎಂದು ಆಮೇಲೆ ಹೇಳುತ್ತೇವೆ.